ಕೆಂಪು ತಂತಿಯ ಪೆಟ್ಟಿಗೆ

ಮರಿಯಮ ಕಟ್ಟಿದ ಪೆಟ್ಟಿಗೆಯನ್ನು ಗಾಜಿನ ಕಪಾಟಿನಲ್ಲಿಟ್ಟು, ಅದರ ಕೆಳಗೆ ದಿಗಂಬರ ಮಾಸ್ತರರ ಹೆಸರು ಬರೆದರು.

ಅದರ ಫೋಟೊ ಮೊದಲು ಬಂದದ್ದು ಮಗಳು ಜನ್ನತಳ ಮೊಬೈಲಿಗೆ. ಜನ್ನತ ಆಸ್ಪತ್ರೆಯೊಂದರ ಬಿಲ್ ಕೌಂಟರಿನಲ್ಲಿ ಕೂಡುವವಳು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮೊಬೈಲನ್ನು ತಾಯಿಯ ಮೂಗಿನ ಮುಂದೆ ಹಿಡಿದಳು. ಮರಿಯಮ ಆಗ ಬಾಜು ಮನೆಯವರ ಮಿಕ್ಸರನ್ನು ಬಿಚ್ಚಿ ಹರವಿಕೊಂಡು ಕೂತಿದ್ದಳು. ಓಣಿಯ ಹೆಂಗಸರ ಮಿಕ್ಸರು, ಇಸ್ತ್ರಿ, ಫ್ಯಾನು ಎಲ್ಲ ಅವಳ ಕೈಯಿಂದಲೇ ಮತ್ತೆ ಜೀವ ಪಡೆಯಬೇಕು.

"ಅಮ್ಮಿ, ನೀ ಹೇಳತಿದ್ದೆಲ್ಲ, ಆ ಬಿಸ್ಕಿಟ್ ಡಬ್ಬಿ... ಇದ ಅಲ್ಲೇನ?"

ಮರಿಯಮ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದಳು. ಖಾನಾಪುರದ ಹಳೆಯ ಶಾಲೆಯ ಕೋಣೆಯೊಂದಕ್ಕೆ ಬಣ್ಣ ಬಳಿದು 'ದಿಗಂಬರ ವಿಜ್ಞಾನ ದಾಲನ' ಎಂದು ಫಲಕ ಹಾಕಿದ್ದರು. ನಟ್ಟನಡುವೆ ಗಾಜು. ಗಾಜಿನೊಳಗೆ ತಗಡಿನ ಡಬ್ಬಿ. ಕೆಳಗೆ ಹೊಳೆಯುವ ಅಕ್ಷರದಲ್ಲಿ: 'ರೇಡಿಯೊದಿಂದ ಕಂಪ್ಯೂಟರ್ ಪ್ರೋಗ್ರಾಂ ಹಿಡಿಯುವ ಯಂತ್ರ. ಕಟ್ಟಿದವರು: ಶ್ರೀ ದಿಗಂಬರ, ಗಣಿತ ಶಿಕ್ಷಕರು. ೧೯೮೬.' ಬರುವ ರವಿವಾರ ಉದ್ಘಾಟನೆಯಂತೆ.

"ಇದ. ಮುಚ್ಚಳದ ಗುಲಾಬಿ ಹೂವಿನ ಮ್ಯಾಲೆ ಸುಟ್ಟ ಕಲಿ ಕಾಣತದಲ್ಲ? ಅದು ನನ್ನ ಕೈಯಾಗಿನ ಸೋಲ್ಡರ್ ಜಾರಿ ಬಿದ್ದದ್ದು."

"ಮತ್ತ ನಿನ್ನ ಹೆಸರೆಲ್ಲಿ ಐತಿ?"

"ಹುಡುಕು. ಸಿಕ್ಕರ ನನಗೂ ತೋರಸು," ಎಂದು ಮರಿಯಮ ಮಿಕ್ಸರಿನ ಕಡೆ ತಿರುಗಿದಳು. ಆದರೆ ಅವತ್ತು ಆ ಮಿಕ್ಸರಿಗೆ ಒಂದು ಸ್ಕ್ರೂ ಕೂಡ ಸರಿಯಾಗಿ ಕೂಡಲಿಲ್ಲ.

ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ಮನೆಯಲ್ಲಿಡುವ ಕಂಪ್ಯೂಟರೆಂದರೆ ಬರೀ ಒಂದು ಕೀಲಿಮಣೆ. ಟಿವಿಗೆ ಜೋಡಿಸಿದರೆ ಅದಕ್ಕೆ ಕಣ್ಣು ಬರುತ್ತಿತ್ತು, ಟೇಪ್ ರೆಕಾರ್ಡರಿಗೆ ಜೋಡಿಸಿದರೆ ಬುದ್ಧಿ ಬರುತ್ತಿತ್ತು. ಪ್ರೋಗ್ರಾಮುಗಳು ಕ್ಯಾಸೆಟ್ಟಿನಲ್ಲಿ ಕೀಂ, ಕರ್ರ್ ಎಂಬ ಸದ್ದಾಗಿ ಕೂತಿರುತ್ತಿದ್ದವು. ಸದ್ದೇ ಆದಮೇಲೆ ಗಾಳಿಯಲ್ಲೇ ಬಿಟ್ಟರಾಯಿತು ಎಂದು ಕಡಲಾಚೆಯ ಒಂದು ದೇಶದ ರೇಡಿಯೊದವರು ಕೆಲವು ಸಂಜೆ ಶಾರ್ಟ್‌ವೇವಿನಲ್ಲಿ ಪ್ರೋಗ್ರಾಮುಗಳನ್ನೇ ಊದತೊಡಗಿದರು. ಕೇಳುವವರು ಟೇಪು ಮಾಡಿಕೊಂಡು ಕಂಪ್ಯೂಟರಿಗೆ ಉಣಿಸಬೇಕು, ಅಷ್ಟೆ.

ಖಾನಾಪುರದಲ್ಲಿ ಗಣಿತ ಕಲಿಸುತ್ತಿದ್ದ ದಿಗಂಬರ ಮಾಸ್ತರರಿಗೆ ಗೋವೆಯ ಹಡಗಿನವನೊಬ್ಬನಿಂದ ಅಂಥದೊಂದು ಕೀಲಿಮಣೆ ಸಿಕ್ಕಿತ್ತು. ಕಣ್ಣಿತ್ತು, ಬುದ್ಧಿ ಇರಲಿಲ್ಲ. ಅವರ ಹತ್ತಿರ ಒಂದು ಕ್ಯಾಸೆಟ್ಟೂ ಇರಲಿಲ್ಲ. ಆ ದೇಶದ ರೇಡಿಯೊಗೆ ಬರೆದು, ಯಾವ ಸ್ವರಕ್ಕೆ ಯಾವ ಅರ್ಥ ಎಂದು ತಿಳಿದುಕೊಂಡು, ಸದ್ದನ್ನು ಟೇಪೂ ಮಾಡಿದರು. ಆದರೆ ಸಮುದ್ರ ದಾಟಿ ಬರುವಷ್ಟರಲ್ಲಿ ಸ್ವರ ಒಮ್ಮೆ ಉಬ್ಬಿ, ಒಮ್ಮೆ ಬತ್ತಿ, ಕಂಪ್ಯೂಟರು ಒಂದಕ್ಷರವನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ರೇಡಿಯೊ ಹೊತ್ತುಕೊಂಡು ಬೆಳಗಾವಿಯ ರವಿವಾರ ಪೇಟೆಗೆ ಬಂದರು.

ಅಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿಯ ಮಾಳಿಗೆಯಲ್ಲಿ ಬುಡನಸಾಬರ ರೇಡಿಯೊ ರಿಪೇರಿ. ಗಿರಾಕಿಗಳು ಸೀನುತ್ತಲೇ ಮೆಟ್ಟಿಲು ಹತ್ತಬೇಕು. ಬುಡನಸಾಬರಿಗೆ ಆಗಲೇ ಕಣ್ಣು ಮಂಜು. ಸಣ್ಣ ಕೆಲಸವೆಲ್ಲ ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ಮಗಳು ಮರಿಯಮಳದು.

"ನೋಡು ತಂಗಿ, ಇದರಾಗ ಎರಡ ಸ್ವರ ಅದಾವ," ಎಂದಿದ್ದರು ಮಾಸ್ತರರು. "ಒಂದು ದಪ್ಪ, ಒಂದು ಸಣ್ಣ. ಉಳಿದದ್ದೆಲ್ಲಾ ಕಸ."

"ಕಸಾ ಹೊಡದು ಸ್ವರ ಅಷ್ಟ ಉಳಸಬೇಕು. ಹೌದಲ್ರಿ?"

"ಅಷ್ಟ."

"ಅಷ್ಟ ಅನ್ನಾಕ ಭಾಳ ಹಗುರ ಐತ್ರಿ ಸರ," ಎಂದು ಅವಳು ಸೀನಿದಳು.

ಕಟ್ಟಿದಳು. ಕೆಡವಿದಳು. ಮತ್ತೆ ಕಟ್ಟಿದಳು. ಬತ್ತಿದ ಸ್ವರವನ್ನು ಎತ್ತಿ, ಉಬ್ಬಿದ್ದನ್ನು ತಟ್ಟಿ ಕೂರಿಸಿ, ನಡುವಿನ ಗೊರಗೊರವನ್ನು ಕತ್ತರಿಸುವ ಒಂದು ಸರ್ಕೀಟು. ಬಿಸ್ಕಿಟ್ ಡಬ್ಬಿಯೇ ಅದರ ಮನೆ. ಒಂದು ಚಿಕ್ಕ ಬ್ಯಾಟರಿ, ಎಂಟು ಕಾಲಿನ ಒಂದು ಐಸಿ, ಮತ್ತೆ ತಂತಿ.

ತಂತಿಯ ವಿಷಯದಲ್ಲಿ ಬುಡನಸಾಬರ ಅಂಗಡಿಗೊಂದು ಪದ್ಧತಿ ಇತ್ತು. ಲೋಕದಲ್ಲೆಲ್ಲ ಕೆಂಪು ತಂತಿ ಪ್ಲಸ್ಸಿಗೆ, ಕಪ್ಪು ತಂತಿ ಮೈನಸ್ಸಿಗೆ. ಬುಡನಸಾಬರಿಗೆ ಒಂದು ಸಲ ಮಿಲಿಟರಿ ಕ್ಯಾಂಪಿನ ಹರಾಜಿನಲ್ಲಿ ಬಂಡಿಗಾಲಿಯಷ್ಟು ದೊಡ್ಡ ಕೆಂಪು ತಂತಿಯ ಸುರುಳಿ ಸಿಕ್ಕಿತು. ಯಾವ ಯಂತ್ರವಾದರೂ ಹೆಚ್ಚು ತಂತಿ ಬೇಡುವುದು ಮೈನಸ್ಸೇ. ಹಾಗಾಗಿ ಅವರು ಧಾರಾಳವಿದ್ದ ಕೆಂಪನ್ನು ಮೈನಸ್ಸಿಗೆ ಹಚ್ಚಿ, ಕಪ್ಪನ್ನು ಪ್ಲಸ್ಸಿಗೆ ಇಟ್ಟುಕೊಂಡರು. ಸುರುಳಿ ತೀರಿತು, ಪದ್ಧತಿ ತೀರಲಿಲ್ಲ. "ಬುಡನಸಾಬಂದು ಉಲ್ಟಾ ಸಂಸಾರ" ಎಂದು ಪೇಟೆಯ ಬೇರೆ ರಿಪೇರಿಯವರು ನಗುತ್ತಿದ್ದರು. ನಕ್ಕರೂ, ಅವರ ಅಂಗಡಿಯ ಮಾಲು ಕೈಗೆ ಬಂದರೆ ಬಣ್ಣ ನಂಬದೆ ಮೊದಲು ಮೀಟರು ಹಿಡಿಯುತ್ತಿದ್ದರು.

ಪೆಟ್ಟಿಗೆಯೇನೋ ಆಯಿತು. ಆದರೆ ಪೇಟೆಯಲ್ಲಿ ಖಾರ ಕುಟ್ಟುವ ಗಿರಣಿ, ಖಾನಾಪುರದಲ್ಲಿ ಕಟ್ಟಿಗೆ ಕೊಯ್ಯುವ ಗಿರಣಿ. ಎಲ್ಲಿ ಹೋದರೂ ಮೋಟಾರುಗಳು ರೇಡಿಯೊದೊಳಗೆ ಬಂದು ಗುರುಗುಟ್ಟುತ್ತಿದ್ದವು. ಮೋಟಾರಿಲ್ಲದ ಊರೆಂದು ಕಣಕುಂಬಿಗೆ ಹೊರಟರು: ಮಾಸ್ತರರು, ಅವರ ಹೆಂಡತಿ ಕುಮುದಿನಿ, ಬುಡನಸಾಬರು, ಮರಿಯಮ. ಕಾಡಿನ ಅಂಚಿನಲ್ಲಿ ಮರದಿಂದ ಮರಕ್ಕೆ ತಾಮ್ರದ ತಂತಿ ಕಟ್ಟಿ ಕೂತಿದ್ದಾಗ, ಸೂರ್ಯ ಇಳಿಯುವ ಹೊತ್ತಿಗೆ, ಫಾರೆಸ್ಟ್ ಗಾರ್ಡ್ ಬಡಿಗೆ ಬೀಸುತ್ತ ಬಂದ.

"ಉರುಲು ಹಾಕೀರೇನು? ಕಾಡಕುರಿ ಹಿಡಿಯಾಕ ಹೆಣ್ಣಮಕ್ಕಳನ್ನ ಬ್ಯಾರೆ ಕರಕೊಂಡ ಬಂದೀರಿ!"

"ಕಾಡಕುರಿ ಅಲ್ಲಪ್ಪಾ," ಎಂದರು ಕುಮುದಿನಿ. "ಇವರು ಗಾಳ್ಯಾಗಿನ ಲೆಕ್ಕಾ ಹಿಡಿಯೋರು. ಸಿಕ್ಕರ ನಿನಗೂ ಪಾಲು ಕೊಡತಾರ, ಸುಮ್ಮ ಕುಂದರು."

ಗಾರ್ಡ್ ಕೂತ. ಸದ್ದು ಬಂತು. ಬಂದದ್ದು ಪೆಟ್ಟಿಗೆಯೊಳಗೆ ಹೊಕ್ಕು, ತೊಳೆದುಕೊಂಡು, ಕ್ಯಾಸೆಟ್ಟಿನಲ್ಲಿ ಇಳಿಯಿತು. ಮರುದಿನ ಖಾನಾಪುರದ ಮಾಸ್ತರರ ಮನೆಯಲ್ಲಿ ಉಣಿಸಿದಾಗ ಟಿವಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಮೂಡಿತು: ನಿನ್ನ ಹೆಸರೇನು? ಮಾಸ್ತರರು ಎದ್ದು ಕುರ್ಚಿ ಬಿಟ್ಟುಕೊಟ್ಟರು. "ನೀನ ಹೊಡೀ ತಂಗಿ." ಮರಿಯಮ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. 'ನಮಸ್ಕಾರ ಮರಿಯಮ' ಎಂದಿತು ಯಂತ್ರ. ಹುಟ್ಟಿದಾಗಿನಿಂದ ಅವಳನ್ನು ಬುಡನಸಾಬನ ಮಗಳು ಎಂದವರೇ ಎಲ್ಲ. ಹೆಸರು ಕೇಳಿ, ಕೇಳಿದ ಮೇಲೆ ಹೆಸರು ಹಿಡಿದು ಕರೆದದ್ದು ಆ ಯಂತ್ರವೇ ಮೊದಲು.

ವಾರದೊಳಗೆ ಪೇಪರಿನವರು ಬಂದರು. "ಮದವಿ ಆಗೂ ಹುಡುಗಿ. ಪೇಪರನ್ಯಾಗ ಬ್ಯಾಡ," ಎಂದರು ಬುಡನಸಾಬರು. ಮರಿಯಮ ಮಾಳಿಗೆಯಲ್ಲೇ ಉಳಿದಳು. ಡಬ್ಬಿ ಹಿಡಿದು ಮಾಸ್ತರರೊಬ್ಬರೇ ನಿಂತ ಫೋಟೊ ಅಚ್ಚಾಯಿತು. ಆ ಹೊತ್ತಿಗೆ ಅವಳು ತಂದೆಯ ಮಾತಿಗೆ ತಲೆಯಾಡಿಸಿದ್ದಳು. ಹೆಣ್ಣು ತಲೆಯಾಡಿಸಿದ್ದನ್ನು ಈ ಲೋಕ ಬೇಗ ಮರೆಯುವುದಿಲ್ಲ. ಅದರ ಮೇಲೆ ಕಟ್ಟಡ ಕಟ್ಟಿ ಫಲಕ ತೂಗುಹಾಕುತ್ತದೆ.

ಜನ್ನತಳ ಮೊಬೈಲಿಗೆ ಫೋಟೊ ಬಂದ ಮೂರನೆಯ ದಿನಕ್ಕೆ ಹೃಷೀಕೇಶ ಬಾಗಿಲಿಗೆ ಬಂದ. ಮಾಸ್ತರರ ಮಗ; ಬೆಳಗಾವಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾನೆ, ದಾಲನ ಅವನದೇ ಉಮೇದಿ. ಎಳೆಯವನಿದ್ದಾಗ ಇದೇ ಮರಿಯಮಳ ಮಡಿಲಲ್ಲಿ ಕೂತು ಸ್ಕ್ರೂ ನುಂಗಲು ಹೋಗಿದ್ದವ. ಕೈಯಲ್ಲೊಂದು ಬಟ್ಟೆಯ ಚೀಲ, ಮುಖದಲ್ಲಿ ಬೆವರು.

"ಮೌಶಿ, ಆರಾಮ ಅದೀರಿ?"

"ಆರಾಮ ಅದೀನಪಾ. ಬಾ, ಕುಂದರು. ಚಾ ಕುಡೀತಿ?"

"ಚಾ ಇರ್ಲಿ. ಒಂದ ಅರ್ಜಂಟ್ ಕೆಲಸ ಇತ್ತು." ಚೀಲದಿಂದ ಡಬ್ಬಿ ತೆಗೆದು ನೆಲದ ಮೇಲಿಟ್ಟ. "ಹೊಸಾ ಬ್ಯಾಟರಿ ಹಾಕಿದೆ ನೋಡ್ರಿ, ಹೊಗಿ ಬಂತು. ಬಾಬಾಗ ಇನ್ನೂ ಹೇಳಿಲ್ಲ."

ಮರಿಯಮ ಮುಚ್ಚಳ ತೆಗೆದಳು. ಮೂಲೆಯಲ್ಲಿ ಇನ್ನೂ ಚಿಟಿಕೆಯಷ್ಟು ಮೆಣಸಿನಕಾಯಿಯ ಪುಡಿ ಕೂತಿತ್ತು. ಅವಳ ಮೂಗು ಚುರುಗುಟ್ಟಿತು. ಅದು ಪುಡಿಗೋ, ಬೇರೆ ಯಾವುದಕ್ಕೋ. ಎಂಟು ಕಾಲಿನ ಐಸಿಯ ಬೆನ್ನು ಒಡೆದಿತ್ತು.

"ಕೆಂಪು ಪ್ಲಸ್ಸಿಗೆ ಹಚ್ಚಿದೀ?"

"ಮತ್ತೆಲ್ಲಿ ಹಚ್ಚಬೇಕ್ರಿ?"

ಒಳಗಿನಿಂದ ಜನ್ನತ ಕಿಸಕ್ಕನೆ ನಕ್ಕಳು. "ಅಣ್ಣಾರ, ಇದು ನಮ್ಮ ಅಜ್ಜನ ಅಂಗಡಿ ಮಾಲು. ಇಲ್ಲಿ ಕೆಂಪು ಅಂದ್ರ ಮೈನಸ್. ನಿಮ್ಮ ಬಾಬಾ ಕಟ್ಟಿದ್ರ ನಿಮಗ ಹೇಳತಿದ್ರು ಅಲ್ಲಾ?"

ಹೃಷೀಕೇಶ ಕಿವಿ ಕೆಂಪು ಮಾಡಿಕೊಂಡು ಕೂತ. ಮರಿಯಮ ಮಗಳಿಗೆ ಕಣ್ಣು ಬಿಟ್ಟಳು. ಮನೆಗೆ ಬಂದವನ ಮೇಲೆ ಹಾಗೆ ಬೀಳಬಾರದು. ಆದರೆ ತನ್ನ ಮಾತನ್ನೂ ನುಂಗಿಕೊಳ್ಳಲಿಲ್ಲ.

"ರಿಪೇರಿ ಮಾಡತೀನಿ. ಇದು ನನ್ನ ಡಬ್ಬಿ, ಸಾಯಾಕ ಬಿಡೂದಿಲ್ಲ. ಆದ್ರ ಹೃಷೀ, ಆ ಬೋರ್ಡಿನ ಮ್ಯಾಲೆ ನನ್ನ ಹೆಸರ ಬರಬೇಕು. ನನ್ನ ಅಬ್ಬಾಂದೂ ಬರಬೇಕು. ನಿಮ್ಮ ಬಾಬಾಂದು ತಗೀರಿ ಅನ್ನೂದಿಲ್ಲ. ಸ್ವರದ ಲೆಕ್ಕಾ ಅವರದು, ಅದು ಖರೇ. ಬಾಜೂಕ ಜಾಗಾ ಐತೆಲ್ಲ?"

"ನೋಡೂಣ್ರಿ ಮೌಶಿ."

"ನೋಡೂಣು ಅಂದ್ರ?"

"ಮನೀಗೆ ಬರ್ರಿ. ಬಾಬಾ ನಿಮ್ಮನ್ನ ನೆನಸತಿರ್ತಾರ. ಅಲ್ಲೇ ಹಚ್ಚಿ ತೋರಸ್ರಿ. ಅವರೆದುರಿಗೆ ಮಾತಾಡೂಣು."

ಮರಿಯಮ ಹೊಸ ಐಸಿ ಹಾಕಿ ಬೆಸೆದಳು. ಬ್ಯಾಟರಿಯ ಎರಡು ತಂತಿಗಳೂ ಆ ಹೊಗೆಯಲ್ಲಿ ಕರಗಿ ಮೈ ಬಿಟ್ಟಿದ್ದವು. ಅದೇ ಅಳತೆಯ ಹೊಸ ತುಂಡು ಕತ್ತರಿಸಿ ಹಚ್ಚಿದಳು: ಮೈನಸ್ಸಿಗೆ ಕೆಂಪು, ಪ್ಲಸ್ಸಿಗೆ ಕಪ್ಪು.

ಶನಿವಾರ ಮಧ್ಯಾಹ್ನ ಬೆಳಗಾವಿಯ ಹಿಂದವಾಡಿಯಲ್ಲಿದ್ದ ಮಾಸ್ತರರ ಮನೆಗೆ ಹೋದಳು. ಬಾಗಿಲು ತೆಗೆದ ಕುಮುದಿನಿ ಅವಳ ಎರಡೂ ಕೈ ಹಿಡಿದುಕೊಂಡರು.

"ಎಷ್ಟ ಸಣ್ಣಾಗೀ ಮರಿಯಮ!"

"ಸುಳ್ಳ ಹೇಳಬ್ಯಾಡ್ರಿ ವೈನಿ. ಅರ್ಧಾ ಅಟೋ ನಾನ ತುಂಬಿದ್ದೆ."

ಒಳಗೆ ದಿಗಂಬರ ಮಾಸ್ತರರು ಆರಾಮ ಕುರ್ಚಿಯಲ್ಲಿದ್ದರು. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ಅರ್ಧ ಬಾಯಿಯಿಂದ ಬರುತ್ತಿತ್ತು. ಡಬ್ಬಿ ನೋಡಿದ್ದೇ ತಡ, ಎಡಗೈ ಚಾಚಿ ಮುಚ್ಚಳದ ಗುಲಾಬಿಯನ್ನು ಸವರಿದರು. ಸುಟ್ಟ ಕಲೆಯ ಮೇಲೆ ಬೆರಳು ನಿಂತಿತು. "ಸೀನು..." ಎಂದರು. "ಸೀನಿ... ಬೀಳ್ಸಿದಿ." ಮರಿಯಮ ನಕ್ಕಳು, ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡಳು.

ಹಳೆಯ ಕೀಲಿಮಣೆಯನ್ನು ಕುಮುದಿನಿ ಇಷ್ಟು ವರ್ಷ ಹಳೆ ಪಾತಳದ ಸೀರೆಯಲ್ಲಿ ಸುತ್ತಿ ಕಾಪಾಡಿದ್ದರು. ಕಪ್ಪು-ಬಿಳುಪಿನ ಚಿಕ್ಕ ಟಿವಿಯನ್ನೂ. ಕಣಕುಂಬಿಯ ಕ್ಯಾಸೆಟ್ ಟೇಪ್ ರೆಕಾರ್ಡರಿನಲ್ಲಿ ಕೂತಿತು, ಟೇಪಿನಿಂದ ಡಬ್ಬಿಗೆ, ಡಬ್ಬಿಯಿಂದ ಕೀಲಿಮಣೆಗೆ ತಂತಿ ಹೋಯಿತು. ಸುರುಳಿ ತಿರುಗಿತು. ಕೀಂ, ಕರ್ರ್. ಟಿವಿಯ ಮೇಲೆ ಏನೂ ಬರಲಿಲ್ಲ. ಮತ್ತೆ ಮೊದಲಿನಿಂದ. ಮತ್ತೆ ಇಲ್ಲ. ಮರಿಯಮಳ ಬೆನ್ನಿಗೆ ಬೆವರಿಳಿಯಿತು. ಬೆಸುಗೆ ಸರಿಯಿತ್ತು, ಬ್ಯಾಟರಿ ಸರಿಯಿತ್ತು. ಇನ್ನೇನು ಬಿಟ್ಟೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ಕಡಿಮಿ," ಎಂದರು ಮಾಸ್ತರರು.

"ಆಂ, ಸರ?"

"ಸದ್ದು... ಕಡಿಮಿ. ಇನ್ನೂ." ಕಣ್ಣು ಮುಚ್ಚಿಕೊಂಡು ಎಡಗೈಯ ಬೆರಳನ್ನು ಮೆಲ್ಲಗೆ ಕೆಳಗಿಳಿಸುತ್ತ ಬಂದರು. ಮರಿಯಮ ಆ ಬೆರಳನ್ನೇ ನೋಡುತ್ತ ಟೇಪಿನ ಗುಂಡಿ ತಿರುವಿದಳು. ಬೆರಳು ನಿಂತಲ್ಲಿ ಇವಳ ಕೈಯೂ ನಿಂತಿತು. ದಪ್ಪ ಸ್ವರ, ಸಣ್ಣ ಸ್ವರ, ನಡುವೆ ಕಸವಿಲ್ಲ.

ಟಿವಿಯ ಮೇಲೆ ಅಕ್ಷರ ಮೂಡಿದವು. ನಿನ್ನ ಹೆಸರೇನು?

ಮಾಸ್ತರರು ಕೀಲಿಮಣೆಯನ್ನು ತಮ್ಮ ತೊಡೆಯ ಮೇಲೆ ಇಡುವಂತೆ ಸನ್ನೆ ಮಾಡಿದರು. ಎಡಗೈಯ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು. ಒಂದು ಅಕ್ಷರ ತಪ್ಪಿತು, ಅಳಿಸಿದರು, ಮತ್ತೆ ಒತ್ತಿದರು. ಕೊನೆಗೆ ಯಂತ್ರ ಓದಿ ಹೇಳಿತು: ನಮಸ್ಕಾರ ಮರಿಯಮ.

"ಅವತ್ತೂ ಹಿಂಗ ಇತ್ತು," ಎಂದರು ಕುಮುದಿನಿ, ಯಾರಿಗೆಂದಿಲ್ಲದೆ.

ಹೃಷೀಕೇಶ ಚಪ್ಪಾಳೆ ತಟ್ಟಿದ. ಅವನ ಕಣ್ಣಲ್ಲೂ ನೀರಿತ್ತು, ಅದು ಸುಳ್ಳಲ್ಲ. "ಬಾಬಾ, ಭಾರೀ ಆತು! ನಾಳೆ ಸ್ಟೇಜಿನ ಮ್ಯಾಲೂ ಹಿಂಗ ಒತ್ತರಿ. ಆದ್ರ ನಾಳೆ ನಿಮ್ಮ ಹೆಸರ ಹೊಡೀರಿ, ಹೂಂ? ಈ ಹೆಸರ ಬ್ಯಾಡ. ಕ್ಯಾಮೆರಾ ಇರ್ತಾವ."

ಮಾಸ್ತರರು ಕೀಲಿಮಣೆಯ ಮೇಲಿನ ಕೈಯನ್ನು ತೆಗೆದುಬಿಟ್ಟರು.

"ಯಾಕ ಬ್ಯಾಡ?" ಎಂದಳು ಮರಿಯಮ.

"ಮೌಶಿ, ತಪ್ಪ ತಿಳೀಬ್ಯಾಡ್ರಿ. ಬಾಬಾ ಇನ್ನ ಎಷ್ಟ ದಿನ ಇರ್ತಾರೋ. ಅವರಿಗೊಂದು ಸಮಾಧಾನ ಇರ್ಲಿ ಅಂತ ಇದೆಲ್ಲಾ ಮಾಡೀನಿ. ಬೋರ್ಡ್ ಆಗೇತಿ, ಆಮಂತ್ರಣ ಪತ್ರಿಕಿ ಹಂಚೀವಿ. ನಿಮ್ಮನ್ನೂ ಬಿಟ್ಟಿಲ್ಲ. ಕೆಳಗ ಒಂದ ಸಾಲು ಹಾಕಸತೀನಿ, 'ಸ್ಥಳೀಯ ಮೆಕ್ಯಾನಿಕರ ನೆರವಿನಿಂದ' ಅಂತ."

"ಸ್ಥಳೀಯ ಮೆಕ್ಯಾನಿಕಗ ಹೆಸರ ಇಲ್ಲೇನು? ಹುಟ್ಟಿದಾಗ ನಮ್ಮ ಅಬ್ಬಾ ಕಿವ್ಯಾಗ ಅಜಾನ್ ಹೇಳಿ, ಹೆಸರಿಟ್ಟಾರಪಾ ನನಗ."

"ಹಂಗಲ್ರಿ..."

"ಹೃಷೀ," ಎಂದರು ಕುಮುದಿನಿ, "ಕಣಕುಂಬ್ಯಾಗ ನಾನೂ ಇದ್ದೆ. ನಿನಗ ಎಷ್ಟ ಸಲ ಹೇಳೀನಿ?"

"ಆಯಿ, ನೀ ನಡುವ ಬರಬ್ಯಾಡ." ಹೃಷೀಕೇಶ ಮರಿಯಮಳ ಕಡೆ ತಿರುಗಿ ದನಿ ತಗ್ಗಿಸಿದ. "ಇಷ್ಟ ನೋಡ್ರಿ ಮೌಶಿ. ನಾಳೆ ನೀವೂ ಬರ್ರಿ, ಸ್ಟೇಜಿನ ಹಿಂದ ಪಡದೆ ಬಾಜು ಕುಂತು ಟೇಪ್ ಹಚ್ಚರಿ. ಸದ್ದು ಹದ ಮಾಡಾಕ ನಿಮ್ಮ ಕೈನ ಬೇಕು. ಬಾಬಾ ಮುಂದ ಕುಂದರ್ತಾರ. ಮತ್ತೊಂದು: ಡಬ್ಬಿ ಮುಚ್ಚಳಾ ತೆರದ ಇಡತೀವಿ, ಇಂಜಿನಿಯರ್ ಮಂದಿ ಬಂದಿರ್ತಾರ. ಕೆಂಪು ಮೈನಸ್ಸಿಗೆ ಇದ್ದದ್ದ ನೋಡಿದ್ರ ಬಾಬಾಗ ಏನೂ ಗೊತ್ತಿರಲಿಲ್ಲ ಅಂತ ನಗತಾರ. ಎರಡ ತಂತಿ ಬದಲಾಸಿ ಕೊಡ್ರಿ. ಎರಡ ನಿಮಿಷದ ಕೆಲಸ."

ಅಷ್ಟು ಹೇಳಿ ಅವನು ಮೇಜಿನ ಮೇಲಿದ್ದ ಕಟರನ್ನು ಎತ್ತಿ ಅವಳ ಮುಂದೆ ಹಿಡಿದ.

ಮರಿಯಮ ಡಬ್ಬಿಯೊಳಗೆ ನೋಡಿದಳು. ಕೆಂಪು ತಂತಿ ಮೈನಸ್ಸಿನಿಂದ ಹೊರಟು, ಸರ್ಕೀಟಿನ ಅಂಚನ್ನು ಹಾದು, ಡಬ್ಬಿಯ ತಗಡಿಗೆ ಕೂಡಿಕೊಂಡಿತ್ತು. ಅಬ್ಬಾ ಹಾಗೆಯೇ ಕಲಿಸಿದ್ದರು. ಫಲಕದಿಂದ ಅವಳ ಹೆಸರು ಹೋಗಿತ್ತು, ಪೇಪರಿನಿಂದ ಹೋಗಿತ್ತು; ಡಬ್ಬಿಯೊಳಗಿನಿಂದ ಇನ್ನೂ ಹೋಗಿರಲಿಲ್ಲ. ಅದನ್ನು ಅವಳ ಕೈಯಿಂದಲೇ ತೆಗೆಸಬೇಕು ಎಂದು ಈ ಹುಡುಗ ಕಟರು ಹಿಡಿದು ನಿಂತಿದ್ದ.

"ಅವತ್ತು ಪೇಪರಿನವರು ಬಂದಾಗ ನಮ್ಮ ಅಬ್ಬಾ ಒಳಗಿರು ಅಂದ್ರು, ಇದ್ದೆ," ಎಂದಳು. "ಅವರು ಅಬ್ಬಾ. ನೀ ಯಾರಪಾ?"

"ಮೌಶಿ, ಹಟಾ ಮಾಡಬ್ಯಾಡ್ರಿ. ಕೆಂಪು ತಗದು ಕಪ್ಪು ಹಾಕ್ರಿ, ಮುಗೀತು."

ಮಾಸ್ತರರು ಕುರ್ಚಿಯಲ್ಲೇ ಮುಂದೆ ಬಾಗಿದರು. ಅರ್ಧ ಬಾಯಿಯಿಂದ ಏನೋ ಹೇಳಲು ಹೆಣಗಿದರು, ಮಾತಾಗಲಿಲ್ಲ. ಎಡಗೈ ಮಾತ್ರ ಡಬ್ಬಿಯ ತೆರೆದ ಬಾಯಿಯ ಮೇಲೆ ಬಂದು ಕೂತಿತು.

ಮರಿಯಮ ಕಟರನ್ನು ತೆಗೆದುಕೊಂಡಳು. ಒಮ್ಮೆ ಅದರ ಬಾಯಿ ತೆರೆದು ಮುಚ್ಚಿ ನೋಡಿದಳು. ಒಳ್ಳೆಯ ಕಟರು, ತಂತಿ ಒಂದೇ ಏಟಿಗೆ ತುಂಡಾಗುವಂಥದ್ದು. ಅದನ್ನು ಹೃಷೀಕೇಶನ ಅಂಗೈಯಲ್ಲಿ ವಾಪಸು ಇಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದಳು.

"ಹಾಕೂದಿಲ್ಲ," ಎಂದಳು.